ಮನೆ ಮುಂದೇನೇ ಕಾರಿನ ಆಕ್ಸಲ್ ಬದಲಾಯಿಸಿ ಗೇರ್ ಆಯಿಲ್ ತುಂಬೋದು

ಜನವರೀಲಿ ನಾಗಮಂಗಲ ಕಡೆ ಹೆಂಡ್ತಿ ಊರಿಗೆ ಹೋಗಿದ್ವಿ. ಒಕ್ಕಣೆ ಕಾಲ, ರೋಡ್ ತುಂಬಾ ಹುರುಳಿ ಹಾಸಿದ್ರು, ಕಣ ಇಲ್ದೋರು ಇನ್ನೇನ್ ಮಾಡ್ತಾರೆ, ಅದರ ಮೇಲೇ ಓಡಿಸ್ಕೊಂಡು ಹೋಗಿ ಬಂದೆ. ಮಂಡ್ಯಕ್ಕೆ ವಾಪಸ್ ಬಂದು ಎರಡು ದಿನ ಆದ್ಮೇಲೆ ಕಾರ್ ಕೆಳಗೆ ಬಗ್ಗಿ ನೋಡಿದ್ರೆ ಎಡಗಡೆ ಚಕ್ರನ ತಿರುಗಿಸೋ ಆಕ್ಸಲ್‌ಗೆ ಹುರುಳಿ ಬಳ್ಳಿ ಹಗ್ಗ ಹೊಸೆದಂಗೆ ಬಿಗಿಯಾಗಿ ಸುತ್ಕೊಂಡಿತ್ತು, ಕುಡ್ಲಲ್ಲಿ ಕುಯ್ದು ಬಿಡಿಸ್ದೆ, ಅದರ ಕೆಳಗೆ ಆಕ್ಸಲ್ ತುದಿಯ ಜಾಯಿಂಟನ್ನ ಮುಚ್ಚಿರೋ ರಬ್ಬರ್ ಬೂಟು ಒಂದು ಬೆರಳು ಉದ್ದ ಹರಿದಿತ್ತು, ಒಳಗಿನ ಕರೀ ಗ್ರೀಸೆಲ್ಲಾ ರಿಮ್ಮಿನ ಒಳಮೈಗೆ ಎರಚಿತ್ತು. ಅವತ್ತೇ ಬೂಟ್ ಕಿಟ್ ತಂದು ಹಾಕ್ಸಿದ್ರೆ ಕೆಲವು ನೂರು ರೂಪಾಯಲ್ಲಿ ಮುಗಿಯೋದು. ಮುಂದಿನ ವಾರ ನೋಡಣ ಅಂತ ಬಿಟ್ಟೆ, ಹಂಗೇ ಮೂರು ತಿಂಗಳು ಓಡಿಸ್ದೆ, ಧೂಳು ನೀರು ಜಾಯಿಂಟ್ ಒಳಗೆ ಸೇರಿ ತಿರುವಲ್ಲಿ ಟಕ್ ಟಕ್ ಟಕ್ ಅನ್ನೋಕೆ ಶುರುವಾಯ್ತು. ಆಮೇಲೆ ಪೂರ್ತಿ ಆಕ್ಸಲ್ಲೇ ಬದಲಾಯಿಸ್ಬೇಕಾಯ್ತು. ನಾನೂ ನಮ್ ಬಾಮೈದನೂ ಸೇರ್ಕೊಂಡು ಒಂದು ಭಾನುವಾರ ಮನೆ ಮುಂದೆ ಮಾಡಿದ್ವಿ, ಹೆಂಗೆ ಮಾಡಿದ್ವಿ ಅಂತ ಇಲ್ಲಿ ಬರೀತೀನಿ, ನಮ್ದು ಹಳೇ ಆಲ್ಟೋ, ಆದ್ರೆ ಮುಂದಿನ ಚಕ್ರದಲ್ಲಿ ಎಳೆಯೋ ಯಾವ ಸಣ್ಣ ಕಾರಿಗಾದ್ರೂ ಕೆಲಸದ ದಾರಿ ಹೆಚ್ಚು ಕಮ್ಮಿ ಇದೇ.

ಮೊದಲು ಹೆಸರಿನ ಗೊಂದಲ ಬಿಡಿಸ್ಕೊಳ್ಳಿ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಗೇರ್‌ಬಾಕ್ಸಿಂದ ಹಿಂದಿನ ಚಕ್ರದವರೆಗೂ ಕಾರಿನ ಹೊಟ್ಟೆ ಕೆಳಗೆ ಒಂದು ಉದ್ದ ಶಾಫ್ಟ್ ಹೋಗ್ತಿತ್ತು, ಅದು ಪ್ರೊಪೆಲ್ಲರ್ ಶಾಫ್ಟ್. 1983ರ ಕೊನೇಲಿ ಮಾರುತಿ 800 ಬಂತಲ್ಲ, ಅದ್ರಲ್ಲಿ ಇಂಜಿನ್ನು ಗೇರ್‌ಬಾಕ್ಸು ಎರಡೂ ಮುಂದೇನೇ ಅಡ್ಡಕ್ಕೆ ಕೂತಿರೋದು, ಗೇರ್‌ಬಾಕ್ಸಿಂದ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಶಾಫ್ಟು ಸೀದಾ ಮುಂದಿನ ಚಕ್ರಕ್ಕೆ. ಇದಕ್ಕೇ ಡ್ರೈವ್ ಶಾಫ್ಟ್ ಅನ್ನೋದು, ನಮ್ ಕಡೆ ಗ್ಯಾರೇಜಲ್ಲಿ, ಸ್ಪೇರ್ಸ್ ಅಂಗಡೀಲಿ ಆಕ್ಸಲ್ ಅಂದ್ರೇನೇ ಗೊತ್ತಾಗೋದು. ಇದರ ಎರಡು ತುದೀಲೂ ಜಾಯಿಂಟ್ ಇರತ್ತೆ. ಚಕ್ರದ ಕಡೆ ಜಾಯಿಂಟಲ್ಲಿ ಆರು ಉಕ್ಕಿನ ಗುಂಡು, ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಚಕ್ರಕ್ಕೆ ಒಂದೇ ಸಮ ವೇಗ ಹೋಗೋ ಥರ ಮಾಡಿರ್ತಾರೆ. ಗೇರ್‌ಬಾಕ್ಸ್ ಕಡೆ ಜಾಯಿಂಟಲ್ಲಿ ಮೂರು ರೋಲರ್, ಇದು ಒಳಗೂ ಹೊರಗೂ ಜಾರತ್ತೆ, ಯಾಕಂದ್ರೆ ಗುಂಡೀಲಿ ಚಕ್ರ ಮೇಲೆ ಕೆಳಗೆ ಆದಾಗ ಶಾಫ್ಟಿನ ಉದ್ದ ಹೊಂದ್ಕೋಬೇಕಲ್ಲ.

ಯಾವ ಕಡೆದು ಹೋಗಿದೆ ಅಂತ ಸದ್ದಲ್ಲೇ ಗೊತ್ತಾಗತ್ತೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಮೊದಲನೇ ಗೇರಲ್ಲಿ ನಿಧಾನ ಸುತ್ತು ಹೊಡೀರಿ, ಟಕ್ ಟಕ್ ಬಂದ್ರೆ ಚಕ್ರದ ಕಡೆ ಜಾಯಿಂಟು, ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದಾಗ ಸದ್ದು ಜೋರಾದ್ರೆ ಎಡಗಡೆದು, ಎಡಕ್ಕೆ ತಿರುಗಿಸಿದಾಗ ಜೋರಾದ್ರೆ ಬಲಗಡೆದು. ನೇರ ಹೋಗುವಾಗ ಸದ್ದಿಲ್ಲ, ಆದ್ರೆ ಚಾಮುಂಡಿ ಬೆಟ್ಟದಂಥ ಏರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಂಭಾಗ ಎಲ್ಲಾ ನಡುಗತ್ತೆ, ಕಾಲು ತೆಗೆದ್ರೆ ನಿಲ್ಲತ್ತೆ ಅಂದ್ರೆ ಗೇರ್‌ಬಾಕ್ಸ್ ಕಡೆದರ ಮೇಲೆ ಅನುಮಾನ ಪಡಿ. ಬರೀ ಗುಯ್ ಅಂತ ಒಂದೇ ಸಮ ಸದ್ದು, ಸ್ಪೀಡ್ ಜೊತೆ ಏರತ್ತೆ ಅಂದ್ರೆ ಅದು ವೀಲ್ ಬೇರಿಂಗ್ ಇರಬಹುದು, ಅದಕ್ಕೆ ಆಕ್ಸಲ್ ಬದಲಾಯಿಸಿ ದುಡ್ಡು ಕಳ್ಕೋಬೇಡಿ.

ಅಂಗಡೀಲಿ ತಗೊಳ್ಳುವಾಗ ಕಾರಿನ ಮಾಡೆಲ್, ವರ್ಷ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇದ್ಯೋ ಇಲ್ವೋ, ಎಡನೋ ಬಲನೋ ಎಲ್ಲಾ ಹೇಳಿ, ಎರಡು ಕಡೆ ಉದ್ದ ಬೇರೆ ಬೇರೆ. ಎಬಿಎಸ್ ಇರೋ ಕೆಲವು ಕಾರಲ್ಲಿ ಆಕ್ಸಲ್ ಮೇಲೇನೇ ಹಲ್ಲಿನ ರಿಂಗ್ ಇರತ್ತೆ, ಅದಿಲ್ದೇ ಇರೋದು ತಂದ್ರೆ ವಾಪಸ್ ಓಡ್ಬೇಕು. ಜೊತೆಗೆ ಗೇರ್‌ಬಾಕ್ಸ್ ಸೈಡ್ ಆಯಿಲ್ ಸೀಲ್ (ಎಣ್ಣೆ ಸೋರದಂಗೆ ತಡೆಯೋ ರಬ್ಬರ್ ಉಂಗುರ), ಹೊಸ ಹಬ್ ನಟ್ (ಚಕ್ರದ ನಡುವಿನ ದೊಡ್ಡ ನಟ್), ಆಕ್ಸಲ್ ತುದಿ ಹಿಡಿಯೋ ತಂತಿ ಉಂಗುರ ಸರ್ಕ್ಲಿಪ್, ಎಣ್ಣೆ ಇಳಿಸೋ ಡ್ರೈನ್ ಪ್ಲಗ್ ವಾಷರ್ ತಗೊಳ್ಳಿ, ಎಲ್ಲಾ ಚಿಲ್ಲರೆ ದುಡ್ಡಿನ ಸಾಮಾನು, ಹಳೇದೇ ಹಾಕ್ತೀನಿ ಅಂದ್ರೆ ಆಮೇಲೆ ಎಲ್ಲಾ ಮತ್ತೆ ಬಿಚ್ಚಬೇಕಾಗತ್ತೆ.

ಗೇರ್ ಆಯಿಲ್ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಿ. ಕಾರಿನ ಜೊತೆ ಬಂದ ಬುಕ್ಕಲ್ಲಿ ಏನು ಗ್ರೇಡ್ ಬರ್ದಿದ್ಯೋ ಅದನ್ನೇ ತಗೊಳ್ಳಿ, ಇಂಥ ಕಾರುಗಳಿಗೆ ಸಾಮಾನ್ಯವಾಗಿ 75 ಡಬ್ಲ್ಯೂ 90 ಅಥವಾ 80 ಡಬ್ಲ್ಯೂ 90, ಜಿಎಲ್-4 ಅಂತ ಇರತ್ತೆ, ಮೊದಲಿನದು ಎಣ್ಣೆ ಎಷ್ಟು ಮಂದ ಅನ್ನೋದು, ಜಿಎಲ್ ನಂಬರ್ ಅದು ಯಾವ ಥರದ ಗೇರಿಗೆ ಅನ್ನೋದು. ಅಂಗಡಿಯವರು ಜಿಎಲ್-5 ಇನ್ನೂ ಒಳ್ಳೇದು ಸಾರ್ ದೊಡ್ ನಂಬರ್ರು ಅಂತ ಕೊಡ್ತಾರೆ, ಒಪ್ಕೋಬೇಡಿ. ಜಿಎಲ್-5 ಇರೋದು ಜೀಪು, ಬೊಲೆರೋ ಹಿಂದಿನ ಆಕ್ಸಲ್ ಥರದ, ಹಲ್ಲು ಹಲ್ಲಿನ ಮೇಲೆ ಉಜ್ಜಿ ಜಾರೋ ಗೇರುಗಳಿಗೆ, ಅದಕ್ಕೇ ಅದ್ರಲ್ಲಿ ಗಂಧಕ ರಂಜಕದ ಅಂಶ ಜಾಸ್ತಿ. ನಮ್ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆ ಸಿಂಕ್ರೋ ರಿಂಗ್ ಇರತ್ತೆ, ಅದು ಗೇರಿನ ಕೋನ್ ಮೇಲೆ ಹಿಡಿದು ಉಜ್ಜಿ ವೇಗ ಹೊಂದಿಸಿದ್ರೇನೇ ಗೇರ್ ನೈಸಾಗಿ ಬೀಳೋದು, ಅತೀ ಜಾರೋ ಎಣ್ಣೆ ಹಾಕಿದ್ರೆ ರಿಂಗ್ ಹಿಡಿಯೋದೇ ಇಲ್ಲ, ಗೇರು ಕರಕರ ಅನ್ನತ್ತೆ, ಮೇಲಾಗಿ ಆ ಗಂಧಕ ಹಿತ್ತಾಳೆಗೂ ಒಳ್ಳೇದಲ್ಲ. ಸಣ್ಣ ಕಾರಿಗೆ 2 ಲೀಟರ್ ಆಸುಪಾಸು ಹಿಡಿಯತ್ತೆ, 3 ಲೀಟರ್ ತಂದಿಟ್ಕೊಳ್ಳಿ, ಮಧ್ಯಾಹ್ನ ಮೂರು ಗಂಟೆಗೆ ಭಾನುವಾರ ಅಂಗಡಿ ಹುಡುಕ್ಕೊಂಡು ಹೋಗೋ ಪಾಡು ಬೇಡ.

ಇನ್ನು ಜಾಗ. ಮೈಸೂರು ಮಂಡ್ಯ ಕಡೆ ಹೆಚ್ಚಿನ ಮನೆಗಳ ಮುಂದೆ ಗೇಟಿಂದ ರೋಡಿಗೆ ಇಳಿಜಾರು ಇರತ್ತೆ, ಅದ್ರ ಮೇಲೆ ಈ ಕೆಲಸ ಬೇಡವೇ ಬೇಡ, ಜಾಕ್ ಜಾರತ್ತೆ, ಎಣ್ಣೆ ಮಟ್ಟಾನೂ ಸುಳ್ಳು ಹೇಳತ್ತೆ. ಗಾರೆ ಕೆಲಸದೋರ ರಸಮಟ್ಟ ಸಿಕ್ಕಿದ್ರೆ ನೆಲದ ಮೇಲೆ ಇಟ್ಟು ನೋಡ್ಬುಡಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಗುಂಡುಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ. ಜಾಕ್ ಬರೀ ಎತ್ತೋದಕ್ಕೆ ಮಾತ್ರ, ಎತ್ತಿದ ಮೇಲೆ ಎರಡು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸ್ಬೇಕು. ದಯವಿಟ್ಟು ಸಿಮೆಂಟ್ ಬ್ಲಾಕು, ಇಟ್ಟಿಗೆ, ಸೈಜುಗಲ್ಲು ಇಟ್ಟು ಅದರ ಕೆಳಗೆ ನುಗ್ಗಬೇಡಿ, ಬ್ಲಾಕು ಬಿರುಕು ಬಿಡೋಕೆ ಮುಂಚೆ ಹೇಳಲ್ಲ. ಸ್ಟ್ಯಾಂಡ್ ಇಲ್ಲ ಅಂದ್ರೆ ಪರಿಚಯದ ಗ್ಯಾರೇಜಲ್ಲಿ ಒಂದು ದಿನಕ್ಕೆ ಕೇಳಿ, ಕೊಡ್ತಾರೆ.

ಕಾರು ಇನ್ನೂ ನೆಲದ ಮೇಲೆ ಇರುವಾಗ್ಲೇ ಹಬ್ ನಟ್ ಸಡಿಲ ಮಾಡ್ಕೋಬೇಕು. ವೀಲ್ ಕ್ಯಾಪ್ ತೆಗೆದ್ರೆ ನಡುವೆ ದೊಡ್ಡ ನಟ್ ಕಾಣತ್ತೆ, 30 ಅಥವಾ 32 ಎಂಎಂ ಸಾಕೆಟ್ ಬೇಕು, ಯಾವ ಕಾರು ಅನ್ನೋದರ ಮೇಲೆ ಹೋಗತ್ತೆ. ಕೆಲವಕ್ಕೆ ಸ್ಪ್ಲಿಟ್ ಪಿನ್ ಇರತ್ತೆ, ಕೆಲವಕ್ಕೆ ನಟ್ಟಿನ ಅಂಚನ್ನೇ ಶಾಫ್ಟಲ್ಲಿ ಕೊರೆದ ಸಂದಿಗೆ ಬಡಿದು ಮಡಚಿರ್ತಾರೆ, ಆ ಮಡಿಕೆನ ಸಣ್ಣ ಉಳೀಲಿ ಮೇಲಕ್ಕೆ ಎಬ್ಬಿಸ್ದೇ ನಟ್ ತಿರುಗಿಸಿದ್ರೆ ಥ್ರೆಡ್ ಎಲ್ಲಾ ಕಿತ್ಕೊಂಡು ಬರತ್ತೆ. ಬಾಮೈದ ಒಳಗೆ ಕೂತು ಬ್ರೇಕ್ ಒತ್ತಿದ್ದ, ನಾನು ಹ್ಯಾಂಡಲ್‌ಗೆ ಒಂದು ಮೀಟರ್ ಜಿಐ ಪೈಪ್ ತೂರಿಸಿ ಒತ್ತಿದ್ರೆ ಅಲುಗಾಡ್ಲಿಲ್ಲ, ತುಕ್ಕು ಬಿಡಿಸೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಕಾಫಿ ಕುಡ್ಕೊಂಡು ಬಂದು ಒತ್ತಿದ್ಮೇಲೆ ಕಿರ್ರ್ ಅಂತ ಬಿಡ್ತು. ಬರೀ ಕಾಲು ಸುತ್ತು ಸಾಕು. ನಟ್ ಸಡಿಲ ಆದ್ಮೇಲೆ ಕಾರ್ನ ಹಿಂದೆ ಮುಂದೆ ಉರುಳಿಸಬೇಡಿ, ಬೇರಿಂಗ್ ಹಾಳಾಗತ್ತೆ. ವೀಲ್ ನಟ್ಟೂ ಹಂಗೇ ಸಡಿಲ ಮಾಡಿ, ಆಮೇಲೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ತೆಗೀರಿ.

ಈಗ ಎಣ್ಣೆ ಇಳಿಸೋದು. ಇಲ್ಲಿ ಒಂದು ಮಾತು ತಲೇಲಿಟ್ಕೊಳ್ಳಿ, ಮೊದಲು ತುಂಬೋ ಪ್ಲಗ್ ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೇನೇ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ. ವರ್ಷಗಟ್ಲೆ ಯಾರೂ ಮುಟ್ಟದೇ ಇರೋ ತುಂಬೋ ಪ್ಲಗ್ ತುಕ್ಕು ಹಿಡಿದು ಕಚ್ಕೊಂಡಿರತ್ತೆ, ಎಣ್ಣೆ ಎಲ್ಲಾ ಖಾಲಿ ಮಾಡಿ ಆಮೇಲೆ ಅದು ಬರಲ್ಲ ಅಂದ್ರೆ ಕಾರು ಅಲ್ಲೇ ಕೂರತ್ತೆ. ಈ ಪ್ಲಗ್ ಗೇರ್‌ಬಾಕ್ಸಿನ ಪಕ್ಕದಲ್ಲಿ ನಡು ಎತ್ತರದಲ್ಲಿರತ್ತೆ, ಕೆಲವಕ್ಕೆ ಸ್ಪ್ಯಾನರ್ ಹಾಕ್ಬೋದು, ಕೆಲವಕ್ಕೆ ಚೌಕದ ತೂತು, ಅದಕ್ಕೆ ಸಾಕೆಟ್ ಹ್ಯಾಂಡಲ್ಲಿನ (ರ್ಯಾಚೆಟ್) ಚೌಕ ತುದೀನೇ ನೇರ ತೂರಿಸ್ತಾರೆ. ಕೆಲಸ ಶುರು ಮಾಡೋಕೆ ಮುಂಚೆ ಸ್ವಲ್ಪ ಹೊತ್ತು ಓಡಿಸಿ ಬಂದಿದ್ರೆ ಎಣ್ಣೆ ಬೆಚ್ಚಗಿರತ್ತೆ, ಬೇಗ ಇಳಿಯತ್ತೆ. ಕೆಳಗೆ ಹಳೇ ಟಬ್ ಇಡಿ, ಕೊಳೆತ ಬೆಳ್ಳುಳ್ಳಿ ಥರ ವಾಸನೆ ಬರತ್ತೆ, ಅದು ಸಹಜ. ಡ್ರೈನ್ ಪ್ಲಗ್ಗಿನ ತುದೀಲಿ ಮ್ಯಾಗ್ನೆಟ್ ಇದ್ರೆ ಅದಕ್ಕೆ ಅಂಟಿರೋದನ್ನ ಬೆರಳಲ್ಲಿ ಉಜ್ಜಿ ನೋಡಿ, ಬೂದಿ ಬಣ್ಣದ ನುಣ್ಣನೆ ಪೇಸ್ಟು ಆದ್ರೆ ಯೋಚನೆ ಇಲ್ಲ, ಬೆರಳಿಗೆ ಚುಚ್ಚೋ ಚೂರು ಸಿಕ್ಕಿದ್ರೆ ಒಳಗೆ ಹಲ್ಲು ಅಥವಾ ಬೇರಿಂಗ್ ಹೋಗ್ತಿದೆ ಅಂತ, ಆಗ ಬರೀ ಆಕ್ಸಲ್ ಹಾಕಿ ಸುಮ್ಮನಾಗೋ ಹಂಗಿಲ್ಲ. ಎಷ್ಟು ಬಂತು ಅಂತ ಅಳೆದಿಟ್ಕೊಳ್ಳಿ.

ಇದಾದ ತಕ್ಷಣ ಒಂದು ಚೀಟೀಲಿ "ಗೇರ್ ಆಯಿಲ್ ಇಲ್ಲ" ಅಂತ ಬರೆದು ಸ್ಟೀರಿಂಗ್‌ಗೆ ಅಂಟಿಸಿ. ಮನೇಲಿ ಯಾರಾದ್ರೂ ಕಾರ್ ಅಡ್ಡ ಇದೆ ಅಂತ ಸ್ಟಾರ್ಟ್ ಮಾಡ್ಬುಟ್ರೆ ಕಷ್ಟ.

ಚಕ್ರದ ಕಡೆ ಬಿಡಿಸೋದಕ್ಕೆ ನಕಲ್, ಅಂದ್ರೆ ಚಕ್ರದ ಹಬ್ ಹಿಡ್ಕೊಂಡಿರೋ ಎರಕದ ಭಾಗ, ಸ್ವಲ್ಪ ಹೊರಗೆ ವಾಲಬೇಕು. ಆಲ್ಟೋದಲ್ಲಿ ಚಕ್ರನ ಕೆಳಗಿಂದ ಹಿಡಿದಿರೋ ಲೋಯರ್ ಆರ್ಮ್ ತುದಿಯ ಬಾಲ್ ಜಾಯಿಂಟ್ (ಎಲ್ಲಾ ಕಡೆ ವಾಲೋ ಗುಂಡಿನ ಕೀಲು) ನಕಲ್ಲಿನ ಒಳಗೆ ತೂರಿರತ್ತೆ, ಅದನ್ನ ಅಡ್ಡಕ್ಕೆ ಒಂದು ಬೋಲ್ಟ್ ಹಿಡಿದಿರತ್ತೆ, ಆ ಬೋಲ್ಟ್ ಬರೀ ಸಡಿಲ ಮಾಡಿದ್ರೆ ಸಾಲಲ್ಲ ಪೂರ್ತಿ ಹೊರಗೆ ತೆಗೀಬೇಕು, ಯಾಕಂದ್ರೆ ಬಾಲ್ ಜಾಯಿಂಟಿನ ಕಾಂಡದಲ್ಲಿ ಒಂದು ಕೊರೆದ ಸಂದು ಇದೆ, ಬೋಲ್ಟ್ ಅದ್ರಲ್ಲಿ ಕೂತಿರತ್ತೆ. ಆಮೇಲೆ ಆರ್ಮ್ ಮೇಲೆ ಹಾರೆ ಇಟ್ಟು ಕೆಳಕ್ಕೆ ಒತ್ತಿದ್ರೆ ಕಳಚ್ಕೊಳ್ಳತ್ತೆ. ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತೋ ಭಾಗ) ಬಿಚ್ಚಿದ್ರೆ ಹೋಸ್ ಮೇಲೆ ಜೋತಾಡೋಕೆ ಬಿಡ್ಬೇಡಿ, ಕಟ್ಟುತಂತಿ ತಗೊಂಡು ಸ್ಪ್ರಿಂಗ್‌ಗೆ ಕಟ್ಟಿ. ಎಬಿಎಸ್ ವೈರ್ ಇದ್ರೆ ಮೊದಲೇ ಬಿಡಿಸಿ. ಹಬ್ ನಟ್ಟನ್ನ ಶಾಫ್ಟಿನ ತುದಿ ಸಮಕ್ಕೆ ಬಿಟ್ಟು ಮೇಲೆ ಮರದ ತುಂಡಿಟ್ಟು ಸುತ್ತಿಗೇಲಿ ಹೊಡೆದ್ರೆ ಸ್ಪ್ಲೈನ್, ಅಂದ್ರೆ ಹಲ್ಲು ಕೊರೆದ ಶಾಫ್ಟಿನ ತುದಿ, ಒಳಗೆ ಸರಿಯತ್ತೆ. ಇಲ್ಲಿ ಭೀಮನ ಶಕ್ತಿ ತೋರಿಸೋಕೆ ಹೋಗ್ಬೇಡಿ, ಹೋಗೋದು ಬೇರಿಂಗು.

ಗೇರ್‌ಬಾಕ್ಸ್ ಕಡೆ ತುದೀನ ಒಂದು ಪುಟ್ಟ ತಂತಿ ಉಂಗುರ ಹಿಡಿದಿರತ್ತೆ, ಸರ್ಕ್ಲಿಪ್ ಅಂತ, ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಜೋಡಣೆ) ಒಳಗಿನ ಗೇರಿನ ಸಂದೀಲಿ ಅರಳಿಕೊಂಡು ಕೂತಿರೋದು. ಜಾಯಿಂಟಿನ ಕಪ್ಪಿಗೂ (ರೋಲರ್ ಕೂತಿರೋ ಬಟ್ಟಲು) ಗೇರ್‌ಬಾಕ್ಸಿಗೂ ನಡುವೆ ಎರಡು ಟೈರ್ ಲಿವರ್ ಎದುರು ಬದುರು ಇಟ್ಟು ಚಿಟಕ್ ಅಂತ ಒಂದು ಸಲ ಮೀಟಿದ್ರೆ ಬರತ್ತೆ. ನಾವು ಇಲ್ಲೇ ತಪ್ಪು ಮಾಡಿದ್ದು. ಬಾಮೈದ ಶಾಫ್ಟನ್ನ ಎರಡು ಕೈಲಿ ಹಿಡಿದು ಜೋರಾಗಿ ಎಳೆದ, ಬೂಟ್ ಹರೀತು, ಶಾಫ್ಟ್ ಮಾತ್ರ ಕೈಗೆ ಬಂತು, ತುದೀಲಿದ್ದ ಮೂರು ರೋಲರ್ ಗ್ರೀಸ್ ಸಮೇತ ಟಬ್ ಒಳಗೆ ಬಿತ್ತು, ಕಪ್ಪು ಗೇರ್‌ಬಾಕ್ಸಲ್ಲೇ ಉಳೀತು. "ಬಾವ, ಕಿತ್ತೋಗ್ಬುಡ್ತಾ ಇದು?" ಅಂತ ಗಾಬರಿ ಅವನಿಗೆ. ಹಳೇ ಆಕ್ಸಲ್ ಆದ್ದರಿಂದ ನಷ್ಟ ಏನಿಲ್ಲ, ಕಪ್ಪನ್ನ ಆಮೇಲೆ ಮೀಟಿ ತೆಗೆದ್ವಿ, ಆದ್ರೆ ಹೊಸದನ್ನ ಹಾಕಿ ಸರಿಯಿಲ್ಲ ಅಂತ ತೆಗೆಯುವಾಗ ಹಿಂಗಾದ್ರೆ ಮೂರ್ನಾಲ್ಕು ಸಾವಿರ ಹೋಯ್ತು ಅಂತಾನೇ. ಯಾವತ್ತೂ ಶಾಫ್ಟ್ ಎಳೀಬೇಡಿ, ಕಪ್ಪನ್ನ ಮೀಟಿ. ಇನ್ನೊಂದು, ಎರಡೂ ಕಡೆ ಆಕ್ಸಲ್ ಬದಲಾಯಿಸೋದಿದ್ರೂ ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು ಕಡೆ ತೆಗೀರಿ, ಎರಡೂ ಒಟ್ಟಿಗೆ ತೆಗೆದ್ರೆ ಕೆಲವು ಗೇರ್‌ಬಾಕ್ಸಲ್ಲಿ ಒಳಗಿನ ಗೇರು ಜಾರಿ ಜಾಗ ತಪ್ಪತ್ತೆ.

ಸೀಲ್ ಬದಲಾಯಿಸೋ ಮುಂಚೆ ಹಳೇದು ಎಷ್ಟು ಆಳಕ್ಕೆ ಕೂತಿದೆ ಅಂತ ನೋಡ್ಕೊಳ್ಳಿ. ಸ್ಕ್ರೂಡ್ರೈವರಲ್ಲಿ ಮೀಟಿ ತೆಗೀರಿ, ಅಲ್ಯೂಮಿನಿಯಂ ಗೋಡೆಗೆ ಗೀರು ಬೀಳಬಾರ್ದು. ಹೊಸ ಸೀಲಿನ ಒಳತುಟಿಗೆ ಗ್ರೀಸ್ ಸವರಿ, ಸೀಲಿನಷ್ಟೇ ಅಗಲದ ದೊಡ್ಡ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಅದೇ ಆಳಕ್ಕೆ ಕೂರಿಸಿ.

ಹೊಸ ಆಕ್ಸಲ್ ಹಾಕೋವಾಗ ಅವಸರ ಬೇಡ, ಇಲ್ಲಿ ಮಾಡೋ ತಪ್ಪು ತಿಂಗಳಾದ ಮೇಲೆ ನೆಲದ ಮೇಲೆ ಎಣ್ಣೆ ಹನಿಯಾಗಿ ಕಾಣತ್ತೆ. ಸ್ಪ್ಲೈನಿನ ಹಲ್ಲು ಚೂಪಾಗಿರತ್ತೆ, ಶಾಫ್ಟ್ ಓರೆಯಾಗಿ ಜೋತುಬಿದ್ದು ಒಳಗೆ ಹೋದ್ರೆ ಸೀಲಿನ ತುಟೀನ ಬ್ಲೇಡಲ್ಲಿ ಕುಯ್ದಂಗೆ ಕುಯ್ಯತ್ತೆ. ಒಬ್ಬರು ಚಕ್ರದ ಕಡೆಯಿಂದ ಎತ್ತಿ ಹಿಡೀರಿ, ಇನ್ನೊಬ್ಬರು ಕೆಳಗಿಂದ ಕಪ್ಪನ್ನ ನೇರ ತೂರಿಸಿ, ಹಲ್ಲು ಹಲ್ಲಿಗೆ ಕೂರೋವರೆಗೂ ಮೆಲ್ಲಗೆ ತಿರುಗಿಸ್ತಾ ಇರಿ. ಹೊಸ ಸರ್ಕ್ಲಿಪ್ಪಿನ ಬಾಯಿ ಕೆಳಗೆ ಬರೋ ಥರ ಇಟ್ರೆ ಸಲೀಸು. ಕೊನೇಲಿ ಒಂದು ಸಲ ಜೋರಾಗಿ ನೂಕಿದಾಗ ಟಕ್ ಅನ್ನತ್ತೆ, ಕೈಗೂ ಗೊತ್ತಾಗತ್ತೆ. ಟಕ್ ಅಂದ್ಮೇಲೂ ಕಪ್ಪನ್ನ ಹಿಡಿದು ಹೊರಗೆ ಎಳೆದು ನೋಡಿ, ಬರಬಾರ್ದು. ನಮಗೆ ಮೊದಲ ಎರಡು ಸಲ ಬಂತು, ಮೂರನೇ ಸಲ ಕೂತ್ಕೊಳ್ತು. ಇದು ಕೂರ್ದೇ ಓಡಿಸಿದ್ರೆ ರೋಡ್ ಮಧ್ಯೆ ಆಕ್ಸಲ್ ಹೊರಗೆ ಸರಿದು ಗೇರ್ ಆಯಿಲ್ಲೆಲ್ಲಾ ಹೋಗತ್ತೆ.

ಆಮೇಲೆ ಹಬ್ ಒಳಗೆ ಇನ್ನೊಂದು ತುದಿ, ಬಾಲ್ ಜಾಯಿಂಟು, ಕ್ಯಾಲಿಪರ್, ಬಿಚ್ಚಿದ ಕ್ರಮಕ್ಕೆ ಉಲ್ಟಾ ಹಾಕ್ತಾ ಬನ್ನಿ. ಹೊಸ ಹಬ್ ನಟ್ಟಿಗೆ ಎಷ್ಟು ಬಿಗಿ ಅಂತ ಅಳೆದು ತೋರಿಸೋ ಟಾರ್ಕ್ ರೆಂಚೇ ಬೇಕು. ಸಣ್ಣ ಕಾರಿಗೆ 175 ನ್ಯೂಟನ್ ಮೀಟರ್ ಆಸುಪಾಸಿಂದ 200ರ ಮೇಲೂ ಇರತ್ತೆ, ನಿಮ್ಮ ಕಾರಿನ ಅಂಕಿ ನೋಡ್ಕೊಳ್ಳಿ. 175 ಅಂದ್ರೆ ಒಂದು ಮೀಟರ್ ಉದ್ದದ ಪೈಪಿನ ತುದೀಲಿ 18 ಕೆಜಿ ತೂಗಿ ಹಾಕಿದಷ್ಟು, ಅಂದಾಜು ಗೊತ್ತಾಗ್ಲಿ ಅಂತ ಹೇಳ್ದೆ. ಕಾರು ಸ್ಟ್ಯಾಂಡ್ ಮೇಲಿರುವಾಗ್ಲೇ ಒಬ್ಬರು ಬ್ರೇಕ್ ಒತ್ತಿಹಿಡಿದು ಬಿಗಿ ಮಾಡಿ, ನಟ್ ಬಿಗಿ ಆಗೋಕೆ ಮುಂಚೆ ಕಾರಿನ ಭಾರ ಬೇರಿಂಗ್ ಮೇಲೆ ಬೀಳಬಾರ್ದು. ಮಡಚೋ ಥರದ ನಟ್ ಆದ್ರೆ ಅಂಚನ್ನ ಶಾಫ್ಟಿನ ಸಂದಿಗೆ ಬಡೀರಿ, ಪಿನ್ ಇದ್ರೆ ಹೊಸ ಪಿನ್ ಹಾಕಿ.

ಆಕ್ಸಲ್ ಕೂತ್ಕೊಳ್ತು ಅಂದ್ರೆ ಕೆಲಸ ಆಯ್ತು ಅನ್ಸತ್ತೆ, ಅಲ್ಲೇ ಬಹಳ ಜನ ಎಡವೋದು. ನಮ್ಮ ಹಿಂದಿನ ಕಾರಿಗೆ ಒಂದು ಕಡೆ ಇದೇ ಕೆಲಸ ಮಾಡಿಸಿದ್ದೆ, ಗ್ಯಾರೇಜವರು ಹೋದಷ್ಟು ಎಣ್ಣೆ ಅಂದಾಜಲ್ಲಿ ಅರ್ಧ ಲೀಟರ್ ಸುರಿದು ಕೊಟ್ಟಿದ್ರು, ಮಟ್ಟ ನೋಡಿರ್ಲಿಲ್ಲ, ಕೆಲವು ತಿಂಗಳಲ್ಲಿ ಐದನೇ ಗೇರಲ್ಲಿ ಮಾತ್ರ ಗುಯ್ ಅನ್ನೋಕೆ ಶುರುವಾಯ್ತು. ಇಂಥ ಬಹಳಷ್ಟು ಗೇರ್‌ಬಾಕ್ಸಲ್ಲಿ ಐದನೇ ಗೇರು ತುದಿಯ ಬೇರೆ ಕೋಣೇಲಿ ಮೇಲ್ಗಡೆ ಇರತ್ತೆ, ಎಣ್ಣೆ ಕಮ್ಮಿ ಆದಾಗ ಮೊದಲು ಒಣಗೋದು ಅದೇ. ಇಂಜಿನ್ ಆಯಿಲ್ ಥರ ಇದಕ್ಕೆ ಲೈಟ್ ಉರಿದು ಹೇಳೋ ವ್ಯವಸ್ಥೆ ಇಲ್ಲ, ಸದ್ದು ಬರೋ ಹೊತ್ತಿಗೆ ಗೇರ್ ಸವೆದಿರತ್ತೆ. ಅದಕ್ಕೇ ನಾನು ಈಗ ಈ ಭಾಗಕ್ಕೆ ಒಂದು ಗಂಟೆ ಬೇರೇನೇ ಇಟ್ಕೊಳ್ತೀನಿ.

ಡ್ರೈನ್ ಪ್ಲಗ್ಗನ್ನ ಹೊಸ ವಾಷರ್ ಜೊತೆ ಹಾಕಿ, ಬಿಗಿ ಜಾಸ್ತಿ ಬೇಡ, ಗೇರ್‌ಬಾಕ್ಸು ಅಲ್ಯೂಮಿನಿಯಂ, ಥ್ರೆಡ್ ಹೋಗತ್ತೆ. ತುಂಬೋದಕ್ಕೆ ಹಾರ್ಡ್‌ವೇರ್ ಅಂಗಡೀಲಿ ಗಾರೆಯವರು ಮಟ್ಟ ನೋಡೋಕೆ ತಗೊಳ್ಳೋ ಟ್ಯೂಬ್ ಲೆವೆಲ್ ಪೈಪ್ ಸಿಗತ್ತಲ್ಲ, ಪಾರದರ್ಶಕ, ಅದು ಎರಡು ಮೀಟರ್ ಸಾಕು, ಹೊಸದೇ ಆಗಿರ್ಲಿ, ಒಳಗೆ ಒಂದು ಹನಿ ನೀರೂ ಇರಬಾರ್ದು. ಒಂದು ತುದಿ ಬಾನೆಟ್ ಮೇಲಿಂದ ಇಳಿಬಿಟ್ಟು ತುಂಬೋ ತೂತಿಗೆ ಸಿಕ್ಕಿಸಿ, ಮೇಲಿನ ತುದಿಗೆ ಫನಲ್ (ಲಾಳಿಕೆ) ಇಟ್ಟು ಸುರೀರಿ. ಗೇರ್ ಆಯಿಲ್ ಜೋನಿಬೆಲ್ಲದ ಥರ ನಿಧಾನ ಇಳಿಯತ್ತೆ, ಬೆಳಿಗ್ಗೆಯಿಂದ ಡಬ್ಬ ಬಿಸಿಲಲ್ಲಿಟ್ಟಿದ್ರೆ ಸಲೀಸಾಗಿ ಹೋಗತ್ತೆ.

ಮುಂಭಾಗ ಸ್ಟ್ಯಾಂಡ್ ಮೇಲಿರುವಾಗ ಮಟ್ಟ ನೋಡ್ಬೇಡಿ, ಕಾರು ಹಿಂದಕ್ಕೆ ವಾಲಿರತ್ತಲ್ಲ, ತೂತು ಯಾವ ಕಡೆ ಇದೆ ಅನ್ನೋದರ ಮೇಲೆ ಎಣ್ಣೆ ಜಾಸ್ತಿನೋ ಕಮ್ಮಿನೋ ಕಾಣತ್ತೆ. ಅಳೆದಿಟ್ಟ ಅಷ್ಟೇ ಎಣ್ಣೆ ಮೊದಲು ಹಾಕಿ ಪ್ಲಗ್ ಕೈಲಿ ಮುಚ್ಚಿ, ಚಕ್ರ ಹಾಕಿ, ನ್ಯೂಟ್ರಲ್ಲಲ್ಲಿ ಎರಡೂ ಚಕ್ರನ ಕೈಲಿ ಒಂದಷ್ಟು ಸುತ್ತು ತಿರುಗಿಸಿ ಎಣ್ಣೆ ಎಲ್ಲಾ ಕಡೆ ಹರಡ್ಲಿ, ಆಮೇಲೆ ಕಾರ್ನ ಸಮತಟ್ಟು ನೆಲಕ್ಕೆ ಇಳಿಸಿ. ಹತ್ತು ನಿಮಿಷ ಬಿಟ್ಟು ಸ್ಟೀರಿಂಗ್ ಒಂದು ಕಡೆ ತಿರುಗಿಸಿ ಚಕ್ರದ ಸಂದಿಯಿಂದ ಕೈ ಹಾಕಿ ಪ್ಲಗ್ ತೆಗೀರಿ, ಕೈ ಹೋಗಲ್ಲ ಅಂದ್ರೆ ನಾಲ್ಕೂ ಕಡೆ ಒಂದೇ ಎತ್ತರಕ್ಕೆ ಸ್ಟ್ಯಾಂಡ್ ಕೊಟ್ಟು ನೋಡಿ. ಎಣ್ಣೆ ತೂತಿನ ಕೆಳತುಟಿ ತಾಕಿ ಸಣ್ಣಗೆ ಹನಿಹನಿಯಾಗಿ ಹೊರಗೆ ಬಂದ್ರೆ ಮಟ್ಟ ಸರಿ. ಧಾರೆಯಾಗಿ ಬಂದ್ರೆ ಜಾಸ್ತಿ ಇತ್ತು ಅಂತ, ಹನಿಯಾಗೋವರೆಗೂ ಬರೋಕೆ ಬಿಡಿ. ಬರ್ಲೇ ಇಲ್ಲ ಅಂದ್ರೆ ಬರೋವರೆಗೂ ಹಾಕಿ. ನಮ್ದಕ್ಕೆ ಇಳಿಸಿದ್ದಕ್ಕಿಂತ ಮುನ್ನೂರು ಎಂಎಲ್ ಜಾಸ್ತಿ ಹಿಡೀತು, ಅಂದ್ರೆ ಮೊದಲೇ ಅಷ್ಟು ಕಮ್ಮಿ ಇಟ್ಕೊಂಡು ಓಡ್ತಿತ್ತು. ಸ್ವಲ್ಪ ಜಾಸ್ತಿನೇ ಇರ್ಲಿ ಅಂತ ತುಂಬೋದೂ ಬೇಡ, ನೊರೆ ಎದ್ದು ಸೀಲಲ್ಲಿ, ಗಾಳಿ ಬಿಡೋ ತೂತಲ್ಲಿ ಹೊರಗೆ ಬರತ್ತೆ.

ಪ್ಲಗ್ ಬಿಗಿ ಮಾಡಿ, ವೀಲ್ ನಟ್ 85ರಿಂದ 100 ನ್ಯೂಟನ್ ಮೀಟರ್ ಒಳಗೆ ಬುಕ್ಕಲ್ಲಿ ಇರೋ ಅಂಕಿಗೆ ಎದುರು ಬದುರು ಬಿಗಿ ಮಾಡಿ, ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿ ಆಗತ್ತಾ ನೋಡಿ, ಇದನ್ನ ಮರೆತು ಹೊರಟ್ರೆ ಮೊದಲ ಬ್ರೇಕು ನೆಲಕ್ಕೆ ಹೋಗತ್ತೆ. ಆಮೇಲೆ ಸ್ಟೀರಿಂಗ್ ಮೇಲಿನ ಚೀಟಿ ತೆಗೀರಿ. ಮೊದಲು ಬೀದೀಲಿ ನಿಧಾನ, ಖಾಲಿ ಜಾಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ಸುತ್ತು, ಆಮೇಲೆ ರಿವರ್ಸು ಸೇರಿ ಎಲ್ಲಾ ಗೇರು. ನಾವು ಹಳೇ ಬೆಂಗಳೂರು ಮೈಸೂರು ರೋಡಲ್ಲಿ ಶ್ರೀರಂಗಪಟ್ಟಣದವರೆಗೂ ಹೋಗಿ ಬಂದ್ವಿ, ಟಕ್ ಟಕ್ ಸದ್ದು ನಿಂತಿತ್ತು, ಮೂರನೇ ಗೇರು ಮೊದಲಿಗಿಂತ ಸಲೀಸಾಗಿ ಬೀಳ್ತಿತ್ತು.

ರಾತ್ರಿ ಕಾರ್ ಕೆಳಗೆ ಪೇಪರ್ ಹಾಸಿ ಬೆಳಿಗ್ಗೆ ಹನಿ ಬಿದ್ದಿದ್ಯಾ ನೋಡಿ, ನೂರು ಕಿಲೋಮೀಟರ್ ಆದ್ಮೇಲೆ ಸೀಲಿನ ಸುತ್ತ ಒಂದು ಸಲ ಬೆರಳಾಡಿಸಿ. ಇಳಿಸಿದ ಹಳೇ ಎಣ್ಣೆ ಚರಂಡಿಗೆ, ನಾಲೆಗೆ ಖಂಡಿತ ಸುರೀಬೇಡಿ, ನಮ್ ವಿಶ್ವೇಶ್ವರಯ್ಯ (ವಿಸಿ) ನಾಲೆ ನೀರೇ ಗದ್ದೆಗೆ ಹೋಗೋದು, ಸರ್ಕಾರದ 2016ರ ನಿಯಮದಲ್ಲೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ಲೆಕ್ಕ. ಅದನ್ನ ಹೊಸ ಆಯಿಲ್ ಬಂದ ಖಾಲಿ ಡಬ್ಬಗಳಿಗೇ ತುಂಬಿ ಮುಚ್ಚಳ ಬಿಗಿ ಮಾಡಿ ವರ್ಕ್‌ಶಾಪಿಗೆ ಕೊಡಿ, ಅವರ ಹತ್ರ ಡ್ರಮ್ ಇರತ್ತೆ, ಮರುಬಳಕೆಗೆ ತಗೊಂಡು ಹೋಗೋರು ಬರ್ತಾರೆ. ಮತ್ತೆ ಮುಂದಿನ ಜನವರೀಲಿ ಒಕ್ಕಣೆ ರೋಡ್ ದಾಟಿದ ಮೇಲೆ ಕಾರ್ ನಿಲ್ಲಿಸಿ ಅಲ್ಲೇ ಬಗ್ಗಿ ನೋಡಿ, ಬಳ್ಳಿ ಸುತ್ಕೊಂಡಿದ್ರೆ ಸೈಲೆನ್ಸರ್ ಬಿಸಿ ಆರೋವರೆಗೂ ಕಾದು ಕುಯ್ದು ತೆಗೀರಿ, ಒಣಗಿದ ಹುರುಳಿ ಬಿಸಿ ಸೈಲೆನ್ಸರ್‌ಗೆ ತಾಕಿದ್ರೆ ಬೆಂಕಿ ಹತ್ಕೊಳ್ಳೋದೂ ಉಂಟು. ನಾನೀಗ ಡಿಕ್ಕೀಲಿ ಒಂದು ಕುಡ್ಲು ಇಟ್ಟಿದೀನಿ.